ಪದ್ರಿನೊ ತಂದ ಲ್ಯಾಪ್‌ಟಾಪು

ಗಾಜು ವ್ಯಾಪಾರಿಗಳ ಕುಣಿತದ ಬಳಗದ ಉಡುಪಿಗೆ ತೋಳಿನ ಚಿತ್ತಾರ ಬರೆದು ಇನ್ನೇನು ಮುಗಿಯಿತು ಅನ್ನುವಾಗ ಯೋವಾನಾ ಅಪಾಸಾಳ ಲ್ಯಾಪ್‌ಟಾಪು ಗಕ್ಕನೆ ಕಪ್ಪಾಯಿತು. ಬೆಳಗಿನಿಂದ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ.

"ನಿನ್ನ ಮನೆ ಹಾಳಾಗ!" ಎಂದು ಅವಳು ಮೇಜಿಗೆ ಗುದ್ದಿದಳು.

ಒಳಗೆ ಒಣಗಿದ ಚೂನ್ಯೊ ಆಲೂಗಡ್ಡೆ ನೆನೆಸಿ ಸಿಪ್ಪೆ ತೆಗೆಯುತ್ತಿದ್ದ ಅಜ್ಜಿ ಪೊರ್ಫಿರಿಯಾ ಕೂತಲ್ಲಿಂದಲೇ ಕೂಗಿದಳು, "ಅದರ ಮನೆ ಇದೇ ಕಣೇ. ಇದು ಹಾಳಾದ್ರೆ ನಾವೆಲ್ಲಿಗೆ ಹೋಗೋಣ?"

ಬೈಗುಳಕ್ಕೆ ತಕ್ಕ ಯಂತ್ರವೇ ಅದು. ಯಾವುದೋ ಕಚೇರಿಯವರು ದುಡಿಸಿ ದುಡಿಸಿ ಹರಾಜಿಗೆ ಹಾಕಿದ್ದ ಮಾಲು; ದಪ್ಪ, ಕಪ್ಪು, ಎತ್ತಿದರೆ ಇಟ್ಟಿಗೆಯ ಭಾರ. ಬ್ಯಾಟರಿ ಯಾವತ್ತೋ ಸತ್ತಿತ್ತು. ಚಾರ್ಜರಿನ ತುದಿಯನ್ನು ಕಸೂತಿ ದಾರದಿಂದ ಬಿಗಿದು ಕಟ್ಟಿದ್ದರು. ಲಾ ಪಾಸ್ ಊರಿನ ಲೋಸ್ ಆಂದೆಸ್ ಬೀದಿಯಲ್ಲಿ ಕರೆಂಟು ಒಮ್ಮೆ ಕಣ್ಣು ಮಿಟುಕಿಸಿದರೆ ಸಾಕು, ಅದೂ ಕಣ್ಣು ಮುಚ್ಚುತ್ತಿತ್ತು. ಹೊಸ ಕಸೂತಿ ತಂತ್ರಾಂಶ ಹಾಕಲು ಹೋದರೆ ಒಲ್ಲೆ ಎನ್ನುತ್ತಿತ್ತು. ಹಾಗಿದ್ದರೂ ಅಪಾಸಾ ಕಸೂತಿ ಅಂಗಡಿ ನಿಂತಿದ್ದದ್ದು ಅದರ ಬೆನ್ನ ಮೇಲೆಯೇ. ಯೋವಾನಾ ಅದರಲ್ಲಿ ಚಿತ್ತಾರ ಬರೆಯುತ್ತಿದ್ದಳು. ಹೊಲಿಗೆ ಯಂತ್ರ ಅದನ್ನು ಮಖಮಲ್ಲಿನ ಮೇಲೆ ಕುಟ್ಟುತ್ತಿತ್ತು. ತಾಯಿ ನಿಯೆವೆಸ್ ಅದರ ಸುತ್ತ ಮಣಿ, ಕನ್ನಡಿ ಚೂರು ಕೂರಿಸುತ್ತಿದ್ದಳು. ಇನ್ನು ತಂದೆ ಸೆನೋನ್. ಬೋರ್ಡಿನ ಮೇಲೆ ಹೆಸರು ಅವನದು. ಗಿರಾಕಿಗಳ ಜೊತೆ ಕೂತು ಬಿಯರ್ ಕುಡಿಯುವ ಕೆಲಸವೂ ಅವನದೇ.

ಆ ಬೀದಿಯ ಕಸೂತಿಗಾರರಿಗೆ ಒಂದು ಕಟ್ಟಳೆಯಿದೆ. ಜೂನಿನ ಗ್ರಾನ್ ಪೊದೆರ್ ಹಬ್ಬದ ಮೆರವಣಿಗೆಗೆ ಮೊದಲು ಒಂದು ಬಳಗದ ಉಡುಪು ಇನ್ನೊಂದು ಬಳಗದ ಕಣ್ಣಿಗೆ ಬೀಳಕೂಡದು. ವರ್ಷವೆಲ್ಲ ದುಡಿದದ್ದನ್ನು ಜನ ಅಂದು ಮೈಮೇಲೆ ಹೊದ್ದು ಕುಣಿಯುತ್ತಾರೆ. ಪಕ್ಕದವನೂ ಅದನ್ನೇ ಹೊದ್ದುಕೊಂಡು ಬಂದರೆ ಸುಮ್ಮನೆ ಬಿಡುತ್ತಾರೆಯೇ? ಗುಟ್ಟು ಬಿಟ್ಟುಕೊಟ್ಟ ಕಸೂತಿಗಾರ ಮತ್ತೆ ಆ ಬೀದಿಯಲ್ಲಿ ಸೂಜಿ ಹಿಡಿಯುವಂತಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುವ ಮಾತು ಅಲ್ಲಿ ಅಕ್ಷರಶಃ ನಿಜ. ಈ ಸಲ ಗಾಜಿನವರಿಗೆ ಯೋವಾನಾ ಬರೆದದ್ದು ಆಲಿಕಲ್ಲು ಮಳೆಯಲ್ಲಿ ಹೊಂಚು ಹಾಕಿ ಕೂತ ಬೆಟ್ಟದ ಸಿಂಹ, ಪೂಮಾ. ಆಲಿಕಲ್ಲಿಗೆಲ್ಲ ಗಾಜಿನ ಚೂರು. ಪೂಮಾದ ಬಾಲ ಕಂಕುಳ ಕೆಳಗಿಂದ ನುಸುಳಿ ಬೆನ್ನಿಗೆ ಹೋಗಿ ಸುರುಳಿ ಸುತ್ತುತ್ತಿತ್ತು. ಅಂಥದನ್ನು ಆ ಬೀದಿಯಲ್ಲಿ ಯಾರೂ ಬರೆದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಮಧ್ಯಾಹ್ನ ಚಾಯ್ರೊ ಸಾರು ಬಡಿಸುವಾಗ ಯೋವಾನಾ ಮಾತು ತೆಗೆದಳು.

"ಎಲೋಯ್ ಸಾಲ್ಮೊನ್ ಬೀದೀಲಿ ಒಂದು ನೋಡ್ಕೊಂಡು ಬಂದಿದೀನಿ. ಇದೇ ಕಂಪನೀದು, ಹೊಸಾ ಮಾಡೆಲ್. ಎರಡು ವರ್ಷ ಯಾವುದೋ ಆಫೀಸಲ್ಲಿ ಓಡಿದೆ, ತೊಳೆದು ಬಳಿದು ಇಟ್ಟಿದಾರೆ. ನನ್ನ ಹತ್ರ ದುಡ್ಡಿದೆ. ಶನಿವಾರ ತರ್ತೀನಿ."

ಸೆನೋನ್ ಚಮಚ ಕೆಳಗಿಟ್ಟ. "ಬೇರೆಯವರು ಬಳಸಿ ಬಿಸಾಕಿದ್ದಾ?"

"ಈಗಿರೋದೇನು, ಮದುವೆ ಹೆಣ್ಣಾ? ಇದೂ ಬಿಸಾಕಿದ್ದೇ."

"ಆಗ ನಾವು ಯಾರು, ಈಗ ನಾವು ಯಾರು! ಗಾಜಿನವರು ನಮ್ಮ ಮನೇಗೆ ಬರ್ತಾರೆ. ಅಪಾಸಾ ಮೇಸ್ತ್ರಿ ಸೆಕೆಂಡ್ ಹ್ಯಾಂಡ್ ಯಂತ್ರ ಇಟ್ಕೊಂಡಿದಾನೆ ಅಂದ್ರೆ ನನ್ನ ಮುಖ ಎಲ್ಲಿಡ್ಲಿ?"

"ಸಾರಲ್ಲಿ ಇಡು, ಆರ್ತಾ ಇದೆ," ಎಂದಳು ಅಜ್ಜಿ. "ಕೆಲಸ ಮಾಡೋಳು ಅವಳು. ಅವಳಿಗೆ ಯಾವುದು ಬೇಕೋ ಅದನ್ನ ತಗೊಳ್ಲಿ ಬಿಡು."

"ನೀನು ಸುಮ್ನಿರಮ್ಮಾ. ನಿಂಗೇನು ಗೊತ್ತು?"

"ನಿನ್ನ ಹೆತ್ತಿದೀನಲ್ಲ, ಅಷ್ಟು ಗೊತ್ತು."

ನಿಯೆವೆಸ್ ಇಬ್ಬರ ನಡುವೆ ಯಾಹ್ವಾ ಚಟ್ನಿಯ ಬಟ್ಟಲನ್ನು ತಂದಿಟ್ಟು ತನ್ನ ಸಾರಿಗೆ ತಿರುಗಿದಳು. ಆ ಮನೆಯಲ್ಲಿ ಜಗಳ ಶುರುವಾದರೆ ಅವಳು ಮಾಡುವುದು ಅಷ್ಟೇ.

ಶನಿವಾರ ಯೋವಾನಾ ದುಡ್ಡು ತೆಗೆದುಕೊಂಡು ಹೊರಟಾಗ ಸೆನೋನ್ ಬಾಗಿಲಿಗೆ ಅಡ್ಡ ನಿಂತ. "ಹೋಗಬೇಡ. ನಾಳೆ ಕೊಂಪಾದ್ರೆ ಸೆವೆರೊ ಬರ್ತಾ ಇದಾನೆ. ಲ್ಯಾಪ್‌ಟಾಪಿಗೆ ಅವನೇ ಪದ್ರಿನೊ. ನಾನು ಕೇಳ್ದೆ, ಅವನು ಒಪ್ಕೊಂಡ."

ಅಲ್ಲಿಯ ಮನೆಗಳಲ್ಲಿ ಪದ್ರಿನೊ ಇಲ್ಲದೆ ಕಡ್ಡಿಯೂ ಅಲುಗುವುದಿಲ್ಲ. ಮದುವೆಯ ಉಂಗುರಕ್ಕೊಬ್ಬ, ಕೇಕಿಗೊಬ್ಬ, ಬ್ಯಾಂಡಿಗೊಬ್ಬ, ಹೊಸ ಲಾರಿಗೊಬ್ಬ. ಪದ್ರಿನೊ ಖರ್ಚು ಹಾಕುತ್ತಾನೆ, ಮನೆಯ ಯಜಮಾನನಿಗೆ ನಂಟನಿಗಿಂತ ಹೆಚ್ಚಾಗಿ ಕೊಂಪಾದ್ರೆ ಆಗುತ್ತಾನೆ, ಮನೆಯವರು ಅವನನ್ನು ತಲೆಯ ಮೇಲೆ ಹೊರುತ್ತಾರೆ, ಬದುಕಿರುವವರೆಗೂ ಇಳಿಸುವುದಿಲ್ಲ. ಟೈರ್ ಸಗಟು ವ್ಯಾಪಾರಿ ದೋನ್ ಸೆವೆರೊ ತಿಂತಾಯಾ ಆ ಮನೆಯ ಹೊಲಿಗೆ ಯಂತ್ರಕ್ಕೆ, ಫ್ರಿಜ್ಜಿಗೆ, ಯೋವಾನಾ ಓದು ಮುಗಿಸಿದ ದಿನದ ಔತಣಕ್ಕೆ ಆಗಲೇ ಪದ್ರಿನೊ ಆಗಿದ್ದ.

"ನಾನು ಕೇಳಿದ್ನಾ?" ಯೋವಾನಾಳಿಗೆ ಮೈಯೆಲ್ಲ ಉರಿದುಹೋಯಿತು. "ನನ್ನ ದುಡ್ಡು, ನನ್ನ ಕೆಲಸ. ಯಾರನ್ನ ಕೇಳಿ ಭಿಕ್ಷೆ ಎತ್ತಿದೆ ನೀನು?"

"ಭಿಕ್ಷೆ ಅಂತೆ! ಗೌರವ ಕಣೇ ಅದು, ಗೌರವ!"

"ಗೌರವ ನಿಂಗೆ. ನಾಳೆಯಿಂದ ಅವನ ಮುಂದೆ ಕೈಕಟ್ಟಿ ನಿಲ್ಲೋಳು ನಾನು."

ಭಾನುವಾರ ದೋನ್ ಸೆವೆರೊ ಬಂದ. ಅಬ್ಬ, ಅದೇನು ಬರುವುದು! ಕೆಂಪು ರಿಬ್ಬನ್ ಕಟ್ಟಿದ ಪೆಟ್ಟಿಗೆ, ಹಿಂದೆ ಬಿಯರ್ ಕ್ರೇಟುಗಳು, ಜೊತೆಗೆ ಹೆಂಡತಿ, ಸೊಸೆ ರೋಸ್ಮೆರಿ, ಒಬ್ಬ ಫೋಟೊದವನು. ಪೆಟ್ಟಿಗೆಯೊಳಗಿದ್ದದ್ದು ಬೆಳ್ಳಿ ಬಣ್ಣದ, ತೆಳ್ಳಗಿನ, ಮುಟ್ಟಿದರೆ ತಣ್ಣಗಿರುವ ಹೊಚ್ಚ ಹೊಸ ಲ್ಯಾಪ್‌ಟಾಪು. ಕೋಪವಿದ್ದರೂ ಯೋವಾನಾಳ ಕೈ ಅದರ ಮೇಲೆ ತಾನೇ ಹೋಯಿತು. ಅಜ್ಜಿ ಮೇಜಿನ ಸುತ್ತ ಹೂವಿನ ಎಸಳು ಚೆಲ್ಲಿದಳು. ಸೆನೋನ್ ಬಣ್ಣದ ಕಾಗದದ ಸುರುಳಿ ಹಾರಿಸಿದ. ನೆಲದ ತಾಯಿ ಪಾಚಮಾಮಾಳಿಗೆಂದು ಮೇಜಿನ ನಾಲ್ಕು ಮೂಲೆಗೆ ಬಿಯರ್ ಚಿಮುಕಿಸಿದರು. ಅಷ್ಟಕ್ಕೇ ನಿಲ್ಲದೆ ದೋನ್ ಸೆವೆರೊ ಬಾಟಲಿ ಎತ್ತಿ ಲ್ಯಾಪ್‌ಟಾಪಿನ ಮೇಲೂ ಸುರಿಯಲು ಬಂದ. ಯೋವಾನಾ ಅದರ ಮೇಲೆ ಅಡ್ಡಬಿದ್ದು ತೋಳಿಂದ ಮುಚ್ಚಿದಳು.

"ಲಾರಿಗೆ ಸುರೀತೀವಿ, ಇದಕ್ಕೆ ಬೇಡ್ವಾ?" ಎಂದು ಅವನು ನಕ್ಕ. "ಸರಿ, ಓಡಿಸಿ ತೋರ್ಸು ಮಗಳೇ. ಪದ್ರಿನೊ ಕೊಟ್ಟಿದ್ದು ಹೇಗೆ ಓಡುತ್ತೆ, ನಾವೂ ನೋಡೋಣ."

ಎಲ್ಲರೂ ಕಣ್ಣರಳಿಸಿ ಕೂತಿದ್ದರು. ಯೋವಾನಾ ಹಳೆಯದರಿಂದ ಚಿತ್ತಾರಗಳನ್ನೆಲ್ಲ ಹೊಸದಕ್ಕೆ ದಾಟಿಸಿದಳು. ಬೇರೆ ಯಾವುದನ್ನೋ ತೆರೆಯಲು ಹೋದರೆ ಪೂಮಾ ತೆರೆದುಕೊಂಡಿತು. ಹಳೆಯದರಲ್ಲಿ ತೆರೆಯಲು ಏದುಸಿರು ಬಿಡುತ್ತಿದ್ದದ್ದು ಇಲ್ಲಿ ಕಣ್ಣು ರೆಪ್ಪೆ ಬಡಿಯುವುದರೊಳಗೆ ಪರದೆ ತುಂಬ ನಿಂತಿತು. ಅವಳು ಥಟ್ಟನೆ ಮುಚ್ಚಿದಳು. ಆದರೆ ಅವಳ ಭುಜದ ಹಿಂದೆ ರೋಸ್ಮೆರಿ ನಿಂತಿದ್ದಳು.

"ಎಷ್ಟು ಚೆನ್ನಾಗಿದೆ! ಯಾರಿಗೆ ಅದು?"

"ಯಾರಿಗೋ," ಎಂದಳು ಯೋವಾನಾ.

ರೋಸ್ಮೆರಿ ಹಿಂದಿನ ವರ್ಷವಷ್ಟೇ ಗುಡ್ಡದ ಮೇಲಿನ ಎಲ್ ಆಲ್ತೊ ಊರಿನಲ್ಲಿ ಕಸೂತಿ ಅಂಗಡಿ ತೆರೆದಿದ್ದಳು. ಅವಳ ಅಂಗಡಿಗೆ ಇದ್ದ ಒಬ್ಬನೇ ದೊಡ್ಡ ಗಿರಾಕಿ ಮಾವನ ಟೈರ್ ವ್ಯಾಪಾರಿಗಳ ಬಳಗ.

ಆಮೇಲೆ ಊಟ. ಫ್ರಿಕಾಸೆ ಹಂದಿ ಸಾರಿನ ತಟ್ಟೆಗಳನ್ನು ಹೊತ್ತು ಯೋವಾನಾ ಮಹಡಿ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಅತಿಥಿಗಳು ಹಾಡುತ್ತ, ತಬ್ಬಿಕೊಳ್ಳುತ್ತ ಹೊರಟುಹೋದ ಮೇಲೆ ಅವಳು ಮೇಜು ಒರೆಸಲು ಬಂದರೆ ಹಳೆಯ ಲ್ಯಾಪ್‌ಟಾಪು ಇಲ್ಲ.

"ಹಳೇದೆಲ್ಲಿ?"

ಕುರ್ಚಿಯಲ್ಲಿ ಅರೆಗಣ್ಣಾಗಿದ್ದ ಸೆನೋನ್ ಕೈ ಬೀಸಿದ. "ಕೊಂಪಾದ್ರೆಗೆ ಕೊಟ್ಟೆ. ಮೊಮ್ಮಕ್ಕಳು ಆಡ್ಕೊಳ್ಲಿ ಅಂತ."

"ಏನಂದೆ?"

"ಅಷ್ಟು ದೊಡ್ಡದು ತಂದಿದಾನೆ. ಪದ್ರಿನೊನ ಬರಿಗೈಲಿ ಕಳಿಸ್ತಾರೇನೇ? ಮನೇಲಿ ಕೊಡೋಕೆ ಬೇರೆ ಏನಿತ್ತು?"

"ಅಪ್ಪಾ, ಅದರೊಳಗೆ ಎಲ್ಲಾ ಇದೆ! ಪೂಮಾ ಇದೆ, ಹತ್ತು ವರ್ಷ ಬರೆದಿದ್ದೆಲ್ಲಾ ಇದೆ. ನಾನು ಅಳಿಸಿಲ್ಲ!"

ಅಂಗಡಿಯವರೆಲ್ಲ ಮುಟ್ಟುವ ಯಂತ್ರವೆಂದು ಅದಕ್ಕೊಂದು ಗುಪ್ತಪದವನ್ನೂ ಇಟ್ಟಿರಲಿಲ್ಲ. ಅವಳು ಶಾಲು ಎಳೆದುಕೊಂಡು ಹೊರಟಳು. ಸೆನೋನ್ ಅವಳ ರೆಟ್ಟೆ ಹಿಡಿದ.

"ಎಲ್ಲಿಗೆ?"

"ಇಸ್ಕೊಂಡು ಬರೋಕೆ."

"ಕೊಟ್ಟಿದ್ದನ್ನ ವಾಪಸ್ ಕೇಳೋದಾ? ಉಗಿದಿದ್ದನ್ನ ನೆಕ್ಕಿದ ಹಾಗೆ! ನಾಳೆ ನಾನು ಆ ಮನುಷ್ಯನ ಮುಖ ಹೇಗೆ ನೋಡ್ಲಿ?"

"ನನ್ನ ಮುಖ ನೋಡು ಈಗ! ಗಾಜಿನವರ ಮುಖ ನಾನು ಹೇಗೆ ನೋಡ್ಲಿ?"

"ಅವನು ಟೈರ್ ಮಾರೋನು. ಅವನಿಗೆ ನಿನ್ನ ಪೂಮಾ ಕಟ್ಕೊಂಡು ಏನಾಗಬೇಕು?"

"ಅವನಿಗಲ್ಲ, ರೋಸ್ಮೆರಿಗೆ!"

"ಛೀ, ಬಾಯಿ ಮುಚ್ಚು! ಉಂಡ ಮನೇಗೆ ಎರಡು ಬಗೆಯೋ ಜನ ಅಲ್ಲ ಅವರು."

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. "ಮನೆಗೆ ಮಾರಿ, ಪರರಿಗೆ ಉಪಕಾರಿ," ಎಂದಳು ಮಗನನ್ನು ಮೇಲಿಂದ ಕೆಳಗೆ ನೋಡಿ. ನಿಯೆವೆಸ್ ಬೆನ್ನು ತಿರುಗಿಸಿಕೊಂಡು ತಟ್ಟೆ ತೊಳೆಯುತ್ತಲೇ ಇದ್ದಳು. ನಲ್ಲಿಯ ನೀರು ಕೈ ಕೊರೆಯುವಷ್ಟು ತಣ್ಣಗಿತ್ತು. ಅವಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಮರುದಿನ ಯೋವಾನಾ ಅಪ್ಪನಿಗೆ ಹೇಳದೆ ಟೈರ್ ಅಂಗಡಿಗೆ ಹೋದಳು. ದೋನ್ ಸೆವೆರೊ ಅವಳನ್ನು ಕೂರಿಸಿ, ಮೆಕ್ಕೆಜೋಳದ ಬಿಸಿ ಆಪಿ ಗಂಜಿ ತರಿಸಿ, ಅಯ್ಯೋ ಪಾಪ ಎಂಬ ಮುಖ ಮಾಡಿದ.

"ಅದಾ? ರಾತ್ರಿ ಮೊಮ್ಮಕ್ಕಳು ಅದರ ಮೇಲೆ ನೀರು ಚೆಲ್ಲಿದ್ರು ಮಗಳೇ. ಹೊಗೆ ಬಂತು. ಬೆಳಿಗ್ಗೆ ಗುಜರಿಗೆ ಹಾಕ್ದೆ."

"ಯಾವ ಗುಜರಿ? ನಾನು ಹೋಗಿ ತರ್ತೀನಿ."

"ಗಾಡಿಯವನು ತಗೊಂಡು ಹೋದ. ಎಲ್ಲಿ ಅಂತ ಹುಡುಕ್ತೀಯ? ಅಲ್ಲ, ಅಂಥಾ ಹೊಸದು ತಂದುಕೊಟ್ಟಿದೀನಿ, ಇನ್ನೂ ಆ ತಗಡಿನ ಚಿಂತೆ ನಿಂಗೆ?" ಅವನು ಅವಳ ಕೆನ್ನೆ ತಟ್ಟಿದ. "ಬಂದಿದ್ದೂ ಒಳ್ಳೇದೇ ಆಯ್ತು. ಚರ್ಚಲ್ಲಿ ಮೊಮ್ಮಗಳ ಮೊದಲ ಕಮ್ಯೂನಿಯನ್ ಇದೆ. ಉಡುಪಿಗೆ ಒಂದು ಚಿತ್ತಾರ ಬರ್ಕೊಡು. ಪದ್ರಿನೊಗೆ ದುಡ್ಡು ಕೇಳಲ್ಲ ತಾನೇ?"

ಯೋವಾನಾ ಆಪಿಯನ್ನು ಅಲ್ಲೇ ಬಿಟ್ಟು ಎದ್ದಳು.

ಮನೆಗೆ ಬಂದು ಹೇಳಿದರೆ ಸೆನೋನ್ ಹಿಗ್ಗಿದ. "ನೋಡಿದ್ಯಾ? ಮುರಿದು ಹೋಯ್ತು, ನಿನ್ನ ಭಯಾನೂ ಹೋಯ್ತು."

"ಗಾಜಿನವರ ದೋನ್ಯಾ ಲೂರ್ದೆಸ್‌ಗೆ ಹೇಳಿಬಿಡ್ತೀನಿ. ಹೀಗೀಗಾಯ್ತು, ಯಾವುದಕ್ಕೂ ಚಿತ್ತಾರ ಬದಲಾಯಿಸೋಣ ಅಂತ. ಇನ್ನೂ ಹೊಲಿಗೆ ಶುರುವಾಗಿಲ್ಲ."

"ಹೇಳಿದ್ರೆ ಏನರ್ಥ? ಕೊಂಪಾದ್ರೆ ಕಳ್ಳ ಅಂತ ತಾನೇ? ಕೈ ಮುಗೀತೀನಿ ಕಣೇ, ನನ್ನ ಮರ್ಯಾದೆ ತೆಗೀಬೇಡ."

ಅವನು ನಿಜವಾಗಿಯೂ ಕೈ ಮುಗಿದ. ಅಪ್ಪ ಕೈ ಮುಗಿದರೆ ಮಗಳು ಏನು ಮಾಡಬೇಕು? ಯೋವಾನಾ ಸುಮ್ಮನಾದಳು. ಆಮೇಲೆ ಎಷ್ಟೋ ದಿನ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ವಾರಗಳು ಕಳೆದವು. ಹೊಸ ಲ್ಯಾಪ್‌ಟಾಪು ಒಮ್ಮೆಯೂ ಕೈಕೊಡಲಿಲ್ಲ, ಅದನ್ನು ಮಾತ್ರ ಹೇಳಲೇಬೇಕು. ಕರೆಂಟು ಹೋದರೂ ಅದು ಉಸಿರಾಡುತ್ತಿತ್ತು. ಆದರೆ ಅದನ್ನು ತೆರೆದಾಗಲೆಲ್ಲ ಮನೆಗೆ ಯಾರೋ ಬಂದು ಕೂತ ಹಾಗಾಗುತ್ತಿತ್ತು ಅವಳಿಗೆ. ಕಮ್ಯೂನಿಯನ್ನಿಗೆ ಬರೆದುಕೊಟ್ಟಳು. ಅದಾದ ಮೇಲೆ ಟೈರ್ ಅಂಗಡಿಯ ಬೋರ್ಡಿಗೆ ಬರೆದುಕೊಟ್ಟಳು. ದೋನ್ ಸೆವೆರೊನ ಹೆಂಡತಿಯ ಪೊಯೆರಾ ಲಂಗದ ಅಂಚಿಗೆ ಬರೆದುಕೊಟ್ಟಳು. "ಪದ್ರಿನೊ ಕೇಳ್ತಾ ಇದಾನೆ" ಎಂದು ಸೆನೋನ್ ಬಂದು ನಿಂತರೆ ಮುಗಿಯಿತು. ಅತ್ತ ಮಖಮಲ್ಲಿನ ಮೇಲೆ ಪೂಮಾಗಳು ಒಂದೊಂದಾಗಿ ಎದ್ದು ಕೂತವು. ನಿಯೆವೆಸ್ ಗಾಜಿನ ಚೂರು ಕೂರಿಸಿ ಕೂರಿಸಿ ಬೆರಳು ಸೀಳಿಕೊಂಡಳು. ಮೇಲಿನ ಕೋಣೆ ತುಂಬ ಉಡುಪುಗಳು ನೇತಾಡಿದವು.

ಮೆರವಣಿಗೆಗೆ ಸ್ವಲ್ಪ ದಿನ ಇರುವಾಗ ಟೈರ್ ವ್ಯಾಪಾರಿಗಳು ದೊಡ್ಡ ಸಭಾಂಗಣ ಹಿಡಿದು ತಮ್ಮ ಉಡುಪನ್ನು ಮೊದಲೇ ತೋರಿಸಿಬಿಟ್ಟರು. ಹಾಗೆ ತೋರಿಸಿದವರದೇ ಚಿತ್ತಾರ, ಆಮೇಲೆ ಬಂದವರು ಕಳ್ಳರು. ಅದೊಂದು ಹೊಸ ಚಾಳಿ. ಬೆಳಿಗ್ಗೆ ಚಹಾಕ್ಕೆ ಮರ್ರಕೆತಾ ಬ್ರೆಡ್ಡು ಮುರಿಯುತ್ತ ನಿಯೆವೆಸ್ ಫೋನಿನಲ್ಲಿ ವೀಡಿಯೊ ಹಾಕಿದಳು. ಹಾಕಿದವಳು ಬ್ರೆಡ್ಡನ್ನು ಕೆಳಗಿಟ್ಟಳು.

"ಯೋವಾನಾ, ಬಾ ಇಲ್ಲಿ."

ಪೂಮಾ. ಅದೇ ಹೊಂಚು, ಅದೇ ಆಲಿಕಲ್ಲು. ಕುಣಿಯುವವನು ಗಿರ್ರನೆ ತಿರುಗಿದಾಗ ಕಂಕುಳ ಕೆಳಗಿಂದ ಬಾಲ ಹೊರಟು ಬೆನ್ನಿಗೆ ಹೋಗಿ ಸುರುಳಿ ಸುತ್ತಿತು. ನಡುವೆ ದೋನ್ ಸೆವೆರೊ ಕೈಬೀಸುತ್ತ ಕುಣಿಯುತ್ತಿದ್ದ. ರೋಸ್ಮೆರಿಯ ಕೊರಳಿಗೆ ಹಾರ.

ಯೋವಾನಾ ಕಿರುಚಲಿಲ್ಲ. ಫೋನನ್ನು ಒಯ್ದು, ಇನ್ನೂ ಹಾಸಿಗೆಯಲ್ಲಿದ್ದ ಅಪ್ಪನ ಮುಖದ ಮುಂದೆ ಹಿಡಿದಳು. "ನೋಡು. ಗುಜರಿಗೆ ಹಾಕಿದ್ದು ಕುಣೀತಾ ಇದೆ."

ಸೆನೋನ್ ಎರಡು ಸಲ ನೋಡಿದ. "ಪೂಮಾ ಯಾರು ಬೇಕಾದ್ರೂ ಬರೀಬಹುದು," ಎಂದ. ಆದರೆ ದನಿಯಲ್ಲಿ ತಾಕತ್ತು ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದೋನ್ಯಾ ಲೂರ್ದೆಸ್ ಬಂದಳು. ಗಾಜು ವ್ಯಾಪಾರಿಗಳ ಬಳಗದ ಮುಖ್ಯಸ್ಥೆ. ಅಗಲ ಲಂಗ, ತಲೆಯ ಮೇಲೆ ಗುಂಡು ಟೋಪಿ, ಕಿವಿಯಲ್ಲಿ ಅಂಗಡಿಯನ್ನೇ ಕೊಳ್ಳುವಷ್ಟು ಚಿನ್ನ. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

"ಎಷ್ಟಕ್ಕೆ ಮಾರಿದೆ?"

"ನಾನು ಮಾರಿಲ್ಲ, ದೋನ್ಯಾ ಲೂರ್ದೆಸ್."

"ಹಾಗಾದ್ರೆ ಕಾಲು ಬಂದು ನಡ್ಕೊಂಡು ಹೋಯ್ತಾ ಪೂಮಾ? ಮೆರವಣಿಗೇಲಿ ಅವರು ನಮಗಿಂತ ಮುಂದೆ ಹೋಗ್ತಾರೆ. ಹಿಂದಿಂದ ನಾವು ಅದೇ ಹಾಕ್ಕೊಂಡು ಕುಣೀಬೇಕಾ, ಕೋತಿಗಳ ಹಾಗೆ? ಊರೆಲ್ಲಾ ನಗುತ್ತೆ!" ಅವಳು ಸೆನೋನ್ ಕಡೆ ತಿರುಗಿದಳು. "ಮೇಸ್ತ್ರಿ, ನೀವಾದ್ರೂ ಹೇಳಿ. ಹೇಗೆ ಹೋಯ್ತು?"

ಯೋವಾನಾ ಅಪ್ಪನ ಬಾಯನ್ನೇ ನೋಡಿದಳು. ಒಂದೇ ಒಂದು ಮಾತು ಬಂದಿದ್ದರೆ ಸಾಕಿತ್ತು.

"ಈ ಯಂತ್ರಗಳನ್ನ ನಂಬೋ ಹಾಗಿಲ್ಲ ದೋನ್ಯಾ," ಎಂದ ಸೆನೋನ್ ನೆಲ ನೋಡುತ್ತ. "ಇಂಟರ್ನೆಟ್ಟು, ಗಿಂಟರ್ನೆಟ್ಟು. ಅದರಲ್ಲಿ ಎಲ್ಲಾ ಸೋರಿ ಹೋಗುತ್ತಂತೆ."

"ಸುಳ್ಳು!" ಯೋವಾನಾ ಚೀರಿದಳು. "ಹಳೇ ಲ್ಯಾಪ್‌ಟಾಪ್ ತಗೊಂಡು ಹೋಗಿ ದೋನ್ ಸೆವೆರೊ ಕೈಗೆ ಕೊಟ್ಟೆ ನೀನು. ಹೇಳು!"

"ಕೊಂಪಾದ್ರೆ ವಿಷಯ ಎತ್ತಬೇಡ!"

ದೋನ್ಯಾ ಲೂರ್ದೆಸ್ ಇಬ್ಬರನ್ನೂ ಒಮ್ಮೆ ಅಳೆದಳು. "ಭಾನುವಾರ ನಮ್ಮ ಹಿರಿಯರನ್ನ ಕರ್ಕೊಂಡು ಬರ್ತೀನಿ. ಸೆವೆರೊನೂ ಇರ್ಲಿ. ಯಾರು ಕಳ್ಳರು ಅನ್ನೋದು ಇಲ್ಲೇ ತೀರ್ಮಾನ ಆಗ್ಲಿ. ಆಗ್ಲಿಲ್ಲ ಅಂದ್ರೆ ನಿನ್ನ ಹೆಸರು ಕಸೂತಿ ಸಂಘದ ಗೋಡೆ ಮೇಲೆ ಬರುತ್ತೆ ಹುಡುಗಿ, ಇನ್ನೊಂದು ಗುಂಡಿ ಹೊಲಿಯೋಕೂ ನಿಂಗೆ ಯಾರೂ ಬಟ್ಟೆ ಕೊಡಲ್ಲ."

ಆ ವಾರ ಮನೆಯಲ್ಲಿ ಯಾರೂ ಒಟ್ಟಿಗೆ ಊಟಕ್ಕೆ ಕೂರಲಿಲ್ಲ. ಯೋವಾನಾ ಸಾರನ್ನು ಕೆಳಗೆ ಅಂಗಡಿಗೆ ತಂದುಕೊಂಡು ತಿಂದಳು. ಸೆನೋನ್ ಹೊರಗೆ ತಿಂದು ಬಂದ. ಅಜ್ಜಿ ಪಾತ್ರೆಯ ತಳ ಕೆರೆಯುತ್ತ, "ಅವನು ಉಂಡೂ ಹೋದ, ಕೊಂಡೂ ಹೋದ. ನನ್ನ ಮಗ ಬಾಗಿಲು ತೆಗೆದು ದೀಪ ಹಿಡಿದ," ಎಂದು ಯಾರಿಗೆಂದಿಲ್ಲದೆ ಹೇಳುತ್ತಿದ್ದಳು.

ಭಾನುವಾರ ಎಲ್ಲರೂ ಅಂಗಡಿಯಲ್ಲಿ ಸೇರಿದರು. ದೋನ್ಯಾ ಲೂರ್ದೆಸ್, ಅವಳ ಜೊತೆ ಬಳಗದ ಹಿರಿಯರು. ದೋನ್ ಸೆವೆರೊ ಇಸ್ತ್ರಿ ಮಾಡಿದ ಸೂಟಿನಲ್ಲಿ ಬಂದು ಸೆನೋನ್‌ನನ್ನು ಗಟ್ಟಿಯಾಗಿ ತಬ್ಬಿಕೊಂಡ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ನಿಯೆವೆಸ್ ಎಲ್ಲರಿಗೂ ಕೋಕಾ ಎಲೆಯ ಚಹಾ ಕೊಟ್ಟಳು.

"ನಮ್ಮ ರೋಸ್ಮೆರಿಗೆ ಚಿತ್ತಾರ ಮಾರಿದ್ದು ಯಾರೋ ಹುಡುಗ ಅಂತೆ. ದುಡ್ಡು ಕೊಟ್ಟು ತಗೊಂಡಿದಾಳೆ, ಅವಳದೇನು ತಪ್ಪು?" ಎಂದ ದೋನ್ ಸೆವೆರೊ. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಆ ಹುಡುಗನಿಗೆ ಯಾರು ಕೊಟ್ರು? ನಾನು ಹೇಳಲ್ಲ. ಪ್ರಾಯದ ಹೆಣ್ಣುಮಗಳು, ಏನೋ ಆಸೆಗೆ ಬಿದ್ದಿರ್ಬಹುದು. ನಾನು ಅವಳ ಪದ್ರಿನೊ. ಗಾಜಿನವರಿಗೆ ಏನು ನಷ್ಟ ಆಗಿದ್ಯೋ ನಾನು ತುಂಬಿಕೊಡ್ತೀನಿ. ಹುಡುಗೀನ ಬಿಟ್ಟುಬಿಡಿ, ಕ್ಷಮಿಸಿಬಿಡಿ."

ಎಂಥ ಮಾತು! ಕದ್ದವನು ಕ್ಷಮೆ ದಾನ ಮಾಡುತ್ತಿದ್ದ. ಹಿರಿಯರಲ್ಲಿ ಒಬ್ಬಿಬ್ಬರು ತಲೆದೂಗಿದರು. ಸೆನೋನ್ ಎದ್ದು ನಿಂತ; ಅವನ ಕಣ್ಣಲ್ಲಿ ನೀರು.

"ಪದ್ರಿನೊನ ಕೈಗೆ ಮುತ್ತಿಡು ಮಗಳೇ," ಎಂದ. "ದೊಡ್ಡ ಮನಸ್ಸು ಮಾಡಿದಾನೆ. ಮುಗಿಸೋಣ ಇದನ್ನ."

ಯೋವಾನಾ ಅಪ್ಪನನ್ನು ನೋಡಿದಳು. ಅವಳಿಗೆ ಅಳು ಬರಲಿಲ್ಲ. ಹಿಂದಿನ ರಾತ್ರಿಯೇ ಚಿತ್ತಾರಗಳನ್ನೆಲ್ಲ ತೆಗೆದಿಟ್ಟುಕೊಂಡು ಖಾಲಿ ಮಾಡಿದ್ದ ಬೆಳ್ಳಿ ಬಣ್ಣದ ಲ್ಯಾಪ್‌ಟಾಪನ್ನು ಮೇಜಿನಿಂದ ಎತ್ತಿದಳು, ತಂದು ದೋನ್ ಸೆವೆರೊನ ತೊಡೆಯ ಮೇಲೆ ಇಟ್ಟಳು.

"ತಗೋ. ಪದ್ರಿನೊ ಕೊಟ್ಟಿದ್ದು ಪದ್ರಿನೊಗೇ ಇರ್ಲಿ. ನನ್ನ ಹಳೇದನ್ನ ತಂದುಕೊಡು."

"ಯಾವ ಹಳೇದು?"

"ಮೊಮ್ಮಕ್ಕಳು ನೀರು ಚೆಲ್ಲಿದ್ರಲ್ಲ, ಅದು."

"ಮಗಳೇ, ಆ ಮಕ್ಕಳು ಅದನ್ನ ತೆರೆದೂ ನೋಡಿಲ್ಲ. ರೋಸ್ಮೆರಿನೂ ಮುಟ್ಟಿಲ್ಲ, ಅವಳ ಅಂಗಡಿಗೆ ಅದು ಹೋಗೇ ಇಲ್ಲ."

"ಅವಳ ಅಂಗಡಿಗೆ ಹೋಯ್ತು ಅಂತ ಯಾರಂದ್ರು?" ಎಂದಳು ಮೂಲೆಯಿಂದ ಅಜ್ಜಿ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ."

ದೋನ್ ಸೆವೆರೊನ ಮುಖ ಕೆಂಪಾಯಿತು. "ನನಗೆ ಯಾರೂ ಏನೂ ಕೊಟ್ಟಿಲ್ಲ! ಕೊಂಪಾದ್ರೇನೇ ಕೇಳಿ!"

ದೋನ್ಯಾ ಲೂರ್ದೆಸ್ ಚಹಾದ ಬಟ್ಟಲನ್ನು ಕೆಳಗಿಟ್ಟಳು. "ಸರಿ, ಕೇಳ್ತೀನಿ. ಮೇಸ್ತ್ರಿ, ಹಳೇ ಯಂತ್ರ ಇವರಿಗೆ ಕೊಟ್ಟಿದ್ದು ಹೌದಾ, ಅಲ್ವಾ?"

ಬೀದಿಯಲ್ಲಿ ಯಾವುದೋ ಬಳಗದ ಡೋಲು ಅಭ್ಯಾಸ ನಡೆದಿತ್ತು. ಸೆನೋನ್ ಕೊಂಪಾದ್ರೆಯ ಕಡೆ ನೋಡಿದ, ಮಗಳ ಕಡೆ ನೋಡಿದ, ಮತ್ತೆ ಕೊಂಪಾದ್ರೆಯ ಕಡೆ ನೋಡಿದ.

"ಆವತ್ತು ತುಂಬಾ ಕುಡಿದಿದ್ದೆ," ಎಂದ. "ನಂಗೆ ನೆನಪಿಲ್ಲ."

ಹೆತ್ತ ಅಪ್ಪ! ಯೋವಾನಾ ಅವನಿಂದ ಮುಖ ತಿರುಗಿಸಿದಳು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ನಂಗೆ ನೆನಪಿದೆ."

ಎಲ್ಲರೂ ತಿರುಗಿದರು. ನಿಯೆವೆಸ್ ಚಹಾದ ತಟ್ಟೆ ಹಿಡಿದೇ ನಿಂತಿದ್ದಳು.

"ಇವರು ಕೊಡು ಅಂದ್ರು. ನಾನೇ ಕಟ್ಟಿದೆ. ನನ್ನ ಬಣ್ಣದ ಹೊದಿಕೇಲಿ ಸುತ್ತಿ, ಮೇಲೆ ಬ್ರೆಡ್ಡು ಇಟ್ಟು ಗಂಟು ಹಾಕಿ, ಈ ಎರಡು ಕೈಲಿ ದೋನ್ ಸೆವೆರೊ ಮಡಿಲಿಗೆ ಇಟ್ಟೆ. ಮಗಳ ಇಡೀ ದುಡಿಮೆ ಅದರಲ್ಲಿದೆ ಅಂತ ಗೊತ್ತಿದ್ದೂ ಇಟ್ಟೆ. ಇವರ ಮಾತು ಮೀರಬಾರದು ಅಂತ." ಅವಳು ಗಂಡನ ಕಡೆ ತಿರುಗಿದಳು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಹಾಗೆ ನೋಡಿದ್ದು ಯಾರೂ ಕಂಡಿರಲಿಲ್ಲ. "ನೀನು ಕುಡಿದಿದ್ದೆ. ನಾನು ಕುಡಿದಿರ್ಲಿಲ್ಲ. ಥೂ ನಿನ್ನ! ಅವನ ಮಾನಕ್ಕೆ ನಿನ್ನ ಮಗಳನ್ನ ಬಲಿ ಕೊಟ್ಟೆಯಲ್ಲೋ!"

ದೋನ್ ಸೆವೆರೊ ಎದ್ದ. ತೊಡೆಯ ಮೇಲಿದ್ದ ಲ್ಯಾಪ್‌ಟಾಪನ್ನು ಏನು ಮಾಡುವುದೆಂದು ತೋಚದೆ ಕಂಕುಳಲ್ಲಿ ಇರುಕಿಕೊಂಡ.

"ಹೆಂಗಸರ ಮಾತು ಕಟ್ಕೊಂಡು—"

"ನಾನೂ ಹೆಂಗಸೇ," ಎಂದಳು ದೋನ್ಯಾ ಲೂರ್ದೆಸ್. "ನಮ್ಮ ಬಳಗದಲ್ಲಿ ಎಷ್ಟು ಲಾರಿ ಇದಾವೆ ಅಂತ ನಿಮಗೆ ಗೊತ್ತು ದೋನ್ ಸೆವೆರೊ. ಇನ್ನು ಒಂದಕ್ಕೂ ನಿಮ್ಮ ಟೈರು ಹಾಕಲ್ಲ. ಹೊರಡಿ."

ಅವನು ಹೊರಟ. ಬಾಗಿಲಲ್ಲಿ ನಿಂತು ಸೆನೋನ್ ಕಡೆ ತಿರುಗಿ, "ಇವತ್ತಿಂದ ನೀನು ನಂಗೆ ಕೊಂಪಾದ್ರೆ ಅಲ್ಲ," ಎಂದ. ಯಾರನ್ನು ಉಳಿಸಿಕೊಳ್ಳಲು ಸೆನೋನ್ ಇಷ್ಟೆಲ್ಲ ಮಾಡಿದ್ದನೋ ಅವನೇ ಹೋಗಿದ್ದ.

ದೋನ್ಯಾ ಲೂರ್ದೆಸ್ ಟೋಪಿ ಸರಿಮಾಡಿಕೊಂಡು ಯೋವಾನಾಳ ಹತ್ತಿರ ಬಂದಳು. "ಪೂಮಾ ಹೋಯ್ತು, ಅದನ್ನ ನಾವು ಹಾಕ್ಕೊಳ್ಳಲ್ಲ. ಆಲಿಕಲ್ಲು ಇರ್ಲಿ. ಪೂಮಾ ಜಾಗಕ್ಕೆ ಬೇರೆ ಬರೆದು ಮೆರವಣಿಗೆ ಹೊತ್ತಿಗೆ ಕೊಡ್ತೀಯಾ?"

"ಕೊಡ್ತೀನಿ."

"ನಿಂಜೊತೆ ಮಾತಾಡ್ತಾ ಇದೀನಿ. ಇನ್ಮೇಲೆ ಈ ಅಂಗಡೀಲಿ ನನ್ನ ಮಾತು ನಿಂಜೊತೆ ಮಾತ್ರ."

ಮರುದಿನ ಯೋವಾನಾ ಎಲೋಯ್ ಸಾಲ್ಮೊನ್ ಬೀದಿಗೆ ಹೋಗಿ ತನ್ನ ದುಡ್ಡಲ್ಲಿ, ತಾನು ನೋಡಿಟ್ಟಿದ್ದಂಥದೇ ಒಂದನ್ನು ತಂದಳು. ಮುಚ್ಚಳದ ಮೇಲೆ ಯಾರದೋ ಕಚೇರಿಯ ಚೀಟಿ ಕಿತ್ತ ಕಲೆಯಿತ್ತು. ಯಾರೂ ಹೂವು ಚೆಲ್ಲಲಿಲ್ಲ, ಬಿಯರ್ ಚಿಮುಕಿಸಲಿಲ್ಲ. ಮೊದಲು ಅದಕ್ಕೊಂದು ಗುಪ್ತಪದ ಹಾಕಿದಳು, ಆಮೇಲೆ ಬರೆಯಲು ಕೂತಳು. ಪೂಮಾದ ಜಾಗಕ್ಕೆ ಸಿಡಿಲು. ಬೇರೆ ಏನೂ ಅವಳ ಕೈಯಿಂದ ಹೊರಡಲಿಲ್ಲ.

ನೇತುಹಾಕಿದ್ದ ಉಡುಪುಗಳನ್ನೆಲ್ಲ ಇಳಿಸಿ ಅಂಗಡಿಯಲ್ಲಿ ರಾಶಿ ಹಾಕಿದರು. ಪೂಮಾಗಳನ್ನು ಬಿಚ್ಚಬೇಕಿತ್ತು, ಒಂದೊಂದು ಹೊಲಿಗೆಯಾಗಿ, ಕೆಳಗಿನ ಮಖಮಲ್ಲು ಹರಿಯದ ಹಾಗೆ. ನಿಯೆವೆಸ್ ಮತ್ತು ಅಜ್ಜಿ ಎರಡು ದಿನ ಬೆಳಗಿನಿಂದ ಅದನ್ನೇ ಮಾಡಿದರು. ಆ ಎರಡು ದಿನ ಸೆನೋನ್‌ನನ್ನು ಯಾರೂ ಊಟಕ್ಕೆ ಕರೆದಿರಲಿಲ್ಲ. ಅವನೇ ಬಡಿಸಿಕೊಂಡು ತಿಂದು, ತನ್ನ ತಟ್ಟೆ ತಾನೇ ತೊಳೆದಿಟ್ಟಿದ್ದ. ಮೂರನೆಯ ದಿನ ಕೆಳಗೆ ಬಂದು ಅಂಗಡಿಯ ನಡುವೆ ನಿಂತ.

"ನಾನೇನಾದ್ರೂ ಮಾಡ್ಲಾ?"

ಯೋವಾನಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೇಜಿನ ಮೇಲಿದ್ದ ಸಣ್ಣ ಕತ್ತರಿಯನ್ನು ಅವನ ಕಡೆ ತಳ್ಳಿದಳು.

"ಬಿಚ್ಚು."

"ಯಾವುದನ್ನ?"

"ಎಲ್ಲಾನೂ. ನೀನು ಕೊಟ್ಟಿದ್ದು, ನೀನೇ ಬಿಚ್ಚು."

ಸೆನೋನ್ ಗಿಡ್ಡ ಮಣೆ ಎಳೆದುಕೊಂಡು ಕೂತ. ಉಡುಪನ್ನು ತೊಡೆಯ ಮೇಲೆ ಹರಡಿಕೊಂಡು ಪೂಮಾದ ಬಾಲದಿಂದ ಶುರುಮಾಡಿದ. ಬೆನ್ನಿನ ಸುರುಳಿ ಬಿಚ್ಚಿ, ಪಕ್ಕೆ ಬಿಚ್ಚಿ, ಮುಖದ ಹತ್ತಿರ ಬಂದಾಗ ಅವನ ಕೈ ನಿಂತಿತು. ಬೆರಳಿಂದ ಅದರ ಹಣೆಯನ್ನು ಒಮ್ಮೆ ಸವರಿದ.

"ಎಂಥಾ ಚೆನ್ನಾಗಿ ಬರೆದಿದ್ದೆ ಕಣೇ ಇದನ್ನ," ಎಂದ.

"ಗೊತ್ತು," ಎಂದಳು ಯೋವಾನಾ. "ಬಿಚ್ಚು."